ನಮ್ಮ ಚಿನ್ನಿಯ ಮೊದಲ ರೇಸು

ರೇಸ್ ಕುದುರೆ ಇಟ್ಟಿದ್ದೇನೆ ಅಂದ ತಕ್ಷಣ ಜನ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ಗೆದ್ದಿರಿ? ದಿನಕ್ಕೆ ಎಷ್ಟು ಹುರುಳಿ ತಿನ್ನುತ್ತೆ? ಮೊದಲನೆಯದಕ್ಕೆ ಉತ್ತರ ಸುಲಭ, ಇನ್ನೂ ಏನೂ ಗೆದ್ದಿಲ್ಲ. ಎರಡನೆಯದನ್ನು ಕೇಳಿದವರಿಗೆ ಸ್ವಲ್ಪ ನಿರಾಸೆ. ನಮ್ಮ ಕುದುರೆಯ ಮುಖ್ಯ ಊಟ ಓಟ್ಸ್. ಜೊತೆಗೆ ಒಣಹುಲ್ಲು, ಬೂಸಾ, ಕುದುರೆಮಸಾಲೆ ಸೊಪ್ಪು, ಕ್ಯಾರೆಟ್. ಹುರುಳಿಯ ಹೆಸರೇ ಬರಲ್ಲ.

ಈ ಕುದುರೆ ಓಡೋ ಮಟ್ಟಕ್ಕೆ ಹೇಗೆ ಬಂತು ಅಂತ ಮಾತ್ರ ಯಾರೂ ಕೇಳಿಲ್ಲ. ರೇಸ್ ಮುಗಿಯೋಕೆ ಒಂದೂಕಾಲು ನಿಮಿಷ ಸಾಕು. ಅದಕ್ಕೆ ಮುಂಚಿನದ್ದೇ ಜಾಸ್ತಿ. ಎಷ್ಟೋ ಕುದುರೆಗಳು ರೇಸ್ ಶುರುವಾಗೋ ಗೇಟ್ ತನಕ ಬರೋದೇ ಇಲ್ಲ. ಕಾಲು ಕೈಕೊಡುತ್ತದೆ, ಉಸಿರಿನ ತೊಂದರೆ ಬರುತ್ತದೆ, ಇಲ್ಲವೇ ಸುಮ್ನೆ ಓಡೋ ಮನಸ್ಸೇ ಇರಲ್ಲ.

ನಾನು ಹಾರ್ಡ್‌ವೇರ್ ಅಂಗಡಿಯವನು. ಒಬ್ಬನೇ ಕುದುರೆ ಸಾಕುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ನಾಲ್ಕು ಜನ ಸ್ನೇಹಿತರು ಸೇರಿ ಪಾಲು ಹಾಕಿದೆವು. ಪಾಲಿನಲ್ಲಿ ಕುದುರೆ ಇಡೋದು ಈಗ ಮಾಮೂಲು. ರೇಸ್ ನಡೆಸೋ ಕ್ಲಬ್ಬಿಗೆ ಅರ್ಜಿ ಕೊಡಬೇಕು, ಆದಾಯ ತೆರಿಗೆ ಕಾಗದ ತೋರಿಸಬೇಕು, ನಾವು ಎಂಥವರು ಅಂತ ವಿಚಾರಿಸಿ ಆಮೇಲೆ ಒಪ್ಪುತ್ತಾರೆ. ಬ್ಯಾಂಕ್ ಸಾಲಕ್ಕೆ ಓಡಾಡಿದವರಿಗೆ ಇದೇನೂ ಹೊಸದಲ್ಲ. ಕುದುರೆ ಕೊಂಡ ಬೆಲೆಯನ್ನು ಒಂದು ಸಲ ಕೊಟ್ಟು ಮರೆಯಬಹುದು. ಮರೆಯೋಕೆ ಬಿಡದೆ ಇರೋದು ತಿಂಗಳ ಬಿಲ್ಲು. ಟ್ರೇನಿಂಗ್ ಫೀ, ಡಾಕ್ಟರ್ ಬಿಲ್, ಔಷಧಿ, ಲಾಳ ಕಟ್ಟೋರ ಕೂಲಿ, ಎಲ್ಲ ಸೇರಿ ನನ್ನ ಕಾಲು ಪಾಲಿಗೇ ಒಂದು ಸಣ್ಣ ಮನೆಯ ಬಾಡಿಗೆಯಷ್ಟು ಬರುತ್ತದೆ. ಕುದುರೆ ಓಡಲಿ, ನಿಂತಿರಲಿ, ಬಿಲ್ ಬಂದೇ ಬರುತ್ತದೆ.

ಅಮ್ಮನಿಗೆ ವಿಷಯ ಹೇಳಿದಾಗ "ಜೂಜು ಅಲ್ವೇನೋ ಅದು?" ಅಂದರು. ಕುದುರೆ ರೇಸ್ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ ಅಂದೆ. "ಕೋರ್ಟು ಹೇಳಿದ್ರೆ ದುಡ್ಡು ವಾಪಸ್ ಬರುತ್ತಾ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ನಾನು ತುಮಕೂರು ಜಿಲ್ಲೆಯವನು. ಹಾಗಾಗಿ ಕುದುರೆ ಅಂದರೆ ಮೊದಲು ನೆನಪಾಗೋದು ಕುಣಿಗಲ್. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅದು, 400 ಎಕರೆಗೂ ಮೀರಿದ್ದು. ಆದರೆ ನಮ್ಮ ಕುದುರೆ ಅಲ್ಲಿಯದಲ್ಲ. ಪುಣೆ ಕಡೆಯ ಒಂದು ಫಾರ್ಮಿನಿಂದ ಕೊಂಡೆವು. ದೇಶದ ದೊಡ್ಡ ದೊಡ್ಡ ಸ್ಟಡ್ ಫಾರ್ಮ್‌ಗಳು, ಅಂದರೆ ಕುದುರೆ ತಳಿ ಬೆಳೆಸೋ ಜಾಗಗಳು, ಹಲವು ಆ ಕಡೆಗೇ ಇವೆ.

ಕುದುರೆ ಆರಿಸೋಕೆ ಟ್ರೇನರ್ ಜೊತೆ ಹೋಗಿದ್ದೆವು. ಜೊತೆಗೆ ನನ್ನ ಸೋದರಮಾವ. ಮಾವ ಜೀವನವಿಡೀ ಜಾತ್ರೆಗಳಲ್ಲಿ ಎತ್ತು ಕೊಂಡು ಮಾರಿದವರು. ಕುದುರೆ ಮುಂದೆ ಬಂದ ಕೂಡಲೇ "ಸುಳಿ ನೋಡ್ಬೇಕು" ಅಂತ ಶುರು ಮಾಡಿದರು. ಹಣೆ, ಕತ್ತು, ಎದೆ, ಪಕ್ಕೆ, ಎಲ್ಲ ಕಡೆ ಬಗ್ಗಿ ಬಗ್ಗಿ ನೋಡಿದರು. ಟ್ರೇನರ್ ನಗಬಹುದು ಅಂತ ನನಗೆ ಮುಜುಗರ. ಅವರು ನಗಲಿಲ್ಲ. ಕುದುರೆಯ ಪಾಸ್‌ಪೋರ್ಟ್ ತೆರೆದು ತೋರಿಸಿದರು. ಅದರಲ್ಲಿ ಕುದುರೆಯ ಚಿತ್ರ, ಚಿತ್ರದ ಮೇಲೆ ಪ್ರತಿ ಸುಳಿಗೂ ಒಂದು ಗುರುತು! ಅಲ್ಲಿ ಅದು ಶುಭ ಅಶುಭಕ್ಕಲ್ಲ, ಈ ಕುದುರೆ ಅದೇ ಕುದುರೆಯೇ ಅಂತ ಗುರುತು ಹಿಡಿಯೋಕೆ. ಈಗ ಮೈಕ್ರೋಚಿಪ್ ಇದೆ, ಡಿಎನ್‌ಎ ಪರೀಕ್ಷೆ ಇದೆ. ಆದರೂ ಸುಳಿಯ ಲೆಕ್ಕ ಬಿಟ್ಟಿಲ್ಲ. ಮಾವನ ಮುಖದಲ್ಲಿ ಆಗ ಕಂಡ ಗೆಲುವನ್ನು ನಮ್ಮ ಕುದುರೆ ಇನ್ನೂ ತಂದುಕೊಟ್ಟಿಲ್ಲ.

ಟ್ರೇನರ್ ನೋಡಿದ್ದೇ ಬೇರೆ. ಕುದುರೆಯನ್ನು ಎದುರಿನಿಂದ ನಡೆಸಿಕೊಂಡು ಬರೋಕೆ ಹೇಳಿದರು, ಆಮೇಲೆ ಹಿಂದಿನಿಂದ. ಮುಂಗಾಲು ನೇರ ಬೀಳುತ್ತಾ, ಹೊರಕ್ಕೆ ತಿರುಗುತ್ತಾ, ಮಂಡಿ ಎಲುಬಿನ ಮೇಲೆ ಸರಿಯಾಗಿ ಕೂತಿದೆಯಾ ಅಂತ ತುಂಬಾ ಹೊತ್ತು ನೋಡಿದರು. ಹಿಂಗಾಲಿನ ಹೆಜ್ಜೆ ಮುಂಗಾಲಿನ ಗುರುತು ದಾಟಿ ಬೀಳಬೇಕಂತೆ. ಡಾಕ್ಟರ್ ಕಾಲಿನ ಕೀಲುಗಳ ಎಕ್ಸ್‌ರೇ ತೆಗೆದರು. ಮೂಗಿನಿಂದ ಕ್ಯಾಮೆರಾ ಬಿಟ್ಟು ಗಂಟಲು ನೋಡಿದರು. ಗಂಟಲಿನ ಒಂದು ಪಕ್ಕ ಸರಿಯಾಗಿ ತೆರೆಯದಿದ್ದರೆ ಕುದುರೆಗೆ ಗಾಳಿ ಸಾಲಲ್ಲ. ಓಡುವಾಗ ಗೊರ್ ಅಂತ ಸದ್ದು ಬರುತ್ತದೆ. ಅಂಥದ್ದು ಎಷ್ಟು ಒಳ್ಳೆ ವಂಶದ್ದಾದರೂ ಕಷ್ಟ.

ವಂಶದ ಪುಟವೂ ನೋಡಿದೆವು. ದೊಡ್ಡ ರೇಸ್ ಗೆದ್ದ ಕುದುರೆಗಳ ಹೆಸರು ಅದರಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ದಪ್ಪ ಅಕ್ಷರ ಜಾಸ್ತಿಯಾದಷ್ಟೂ ಬೆಲೆ ಜಾಸ್ತಿ. ನಮ್ಮದರ ಪುಟದಲ್ಲಿ ಅಜ್ಜಿಯ ಸಾಲಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು. ಅದಕ್ಕೇ ನಮ್ಮ ಕೈಗೆ ಎಟುಕಿದ್ದು. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯಲ್ಲಿ ಬಿಳಿ ಬೊಟ್ಟು. ಹುಟ್ಟಿದ್ದು ಮಾರ್ಚ್‌ನಲ್ಲಿ. ಆದರೆ ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗಳ ಹುಟ್ಟುಹಬ್ಬವೂ ಜನವರಿ 1ಕ್ಕೆ. ಹಾಗಾಗಿ ಎರಡು ತುಂಬುವ ಮುಂಚೆಯೇ ಕಾಗದದಲ್ಲಿ ಎರಡು ವರ್ಷದವಳು.

ಹೆಸರಿಡೋದು ಇನ್ನೊಂದು ಕಥೆ. ಹೆಸರನ್ನು ಪುಣೆಯ ಸ್ಟಡ್ ಬುಕ್ ಕಚೇರಿ, ಅಂದರೆ ರೇಸ್ ಕುದುರೆಗಳ ವಂಶದ ದಾಖಲೆ ಇಡೋ ಕಚೇರಿ, ಒಪ್ಪಬೇಕು. ಇಂಗ್ಲಿಷಿನಲ್ಲಿ 18 ಅಕ್ಷರ ಮೀರಬಾರದು, ನಡುವಿನ ಖಾಲಿ ಜಾಗವೂ ಅದರಲ್ಲೇ ಸೇರಿತು. ಹೆಸರಾಂತ ಕುದುರೆಯ ಹೆಸರು ಮತ್ತೆ ಸಿಗಲ್ಲ. ನಾವು ನಾಲ್ಕು ಜನ ಒಂದು ಸಂಜೆ ಕೂತು ಬರೆದ ಪಟ್ಟಿಯಲ್ಲಿ ನಮಗೆ ಇಷ್ಟವಾದವೆಲ್ಲ ಬೇರೆಯವರು ಆಗಲೇ ಇಟ್ಟಿದ್ದರು. ಕೊನೆಗೆ ಸಿಕ್ಕಿದ ಹೆಸರನ್ನು ಇಲ್ಲಿ ಬರೆಯಲ್ಲ. ಹುಡುಕಿ ನನ್ನ ಅಂಗಡಿ ತನಕ ಬಂದುಬಿಡ್ತೀರಿ. ಲಾಯದಲ್ಲಿ ಅವಳನ್ನು ಎಲ್ಲರೂ ಚಿನ್ನಿ ಅಂತಾರೆ. ನಮಗೂ ಅದೇ ಅಭ್ಯಾಸ ಆಗಿದೆ.

ಚಿನ್ನಿ ಬೆಂಗಳೂರಿಗೆ ಬಂದ ಮೇಲೆ ಮೊದಲ ತಿಂಗಳುಗಳಲ್ಲಿ ಓಟ ಅನ್ನೋದೇ ಇರಲಿಲ್ಲ. ಬಾಯಿಗೆ ಕಡಿವಾಣ ರೂಢಿ ಮಾಡಿಸಬೇಕು. ಉದ್ದ ಹಗ್ಗದಲ್ಲಿ ವೃತ್ತಾಕಾರ ಸುತ್ತಿಸಬೇಕು. ಬೆನ್ನಿಗೆ ಮೊದಲು ಬರೀ ಪಟ್ಟಿ, ಆಮೇಲೆ ಜೀನು. ಆಮೇಲೆ ಒಬ್ಬ ಹುಡುಗ ಹೊಟ್ಟೆ ಅಡ್ಡ ಹಾಕಿ ಜೋತುಬೀಳುತ್ತಾನೆ, ಪೂರ್ತಿ ಕೂರಲ್ಲ. ಕುದುರೆ ಬೆದರದೆ ನಿಂತರೆ ಮರುದಿನ ಕಾಲು ಹಾಕಿ ಕೂರುತ್ತಾನೆ. ಇದೆಲ್ಲ ಆತುರದಲ್ಲಿ ಆಗೋ ಕೆಲಸವಲ್ಲ. ಇಲ್ಲಿ ಕಲಿತ ಹೆದರಿಕೆ ಕುದುರೆಗೆ ಆಮೇಲೂ ಹೋಗಲ್ಲ ಅಂತ ಟ್ರೇನರ್ ಹೇಳುತ್ತಿದ್ದರು.

ಚಿನ್ನಿಯನ್ನು ನಿಜವಾಗಿ ಬಲ್ಲವರು ಅವಳ ಸೈಸ್, ಅಂದರೆ ಅವಳನ್ನು ದಿನಾ ನೋಡಿಕೊಳ್ಳೋರು. ನಾವೆಲ್ಲ ಅವರನ್ನು ಚಾಚಾ ಅಂತೀವಿ. ಅವರ ತಂದೆಯೂ ಇದೇ ಕೆಲಸದಲ್ಲಿದ್ದರು. ಬೆಳಗಿನ ಜಾವ ಲಾಯ ತೆರೆದ ಕೂಡಲೇ ಅವರು ಮೊದಲು ನೋಡೋದು ಊಟದ ತೊಟ್ಟಿ. ಓಟ್ಸ್ ಉಳಿದಿದ್ದರೆ ಏನೋ ಸರಿಯಿಲ್ಲ ಅಂತ. ಆಮೇಲೆ ನಾಲ್ಕೂ ಕಾಲು ಮುಟ್ಟಿ ಬಿಸಿ ಇದೆಯಾ ನೋಡುತ್ತಾರೆ. ಆಮೇಲೆ ಲದ್ದಿ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಲದ್ದಿಯ ಮೇಲೆ ಅಷ್ಟು ಕಣ್ಣು. ಒಮ್ಮೆ ನಾನು ಬೆಲ್ಲ ತೆಗೆದುಕೊಂಡು ಹೋಗಿದ್ದೆ. ಚಾಚಾ ಕೈಯಲ್ಲಿ ಇಟ್ಟುಕೊಂಡು ಒಂದು ಚೂರು ಮಾತ್ರ ಮುರಿದು ಕೊಟ್ಟರು. "ಅಂಗಡಿ ಸಾಮಾನಲ್ಲ ಸಾರ್ ಇದು, ಹೊಟ್ಟೆ," ಅಂದರು.

ಬೆಳಗಿನ ಟ್ರ್ಯಾಕ್ ವರ್ಕ್ ನೋಡೋಕೆ ಹೋಗೋದು ನನಗೆ ರೇಸಿಗಿಂತ ಇಷ್ಟ. ಕತ್ತಲು ಪೂರ್ತಿ ಬಿಟ್ಟಿರಲ್ಲ. ರೇಸ್‌ಕೋರ್ಸ್ ಇರೋ ಹೈಗ್ರೌಂಡ್ಸ್ ಸುತ್ತ ಗಾಡಿಗಳ ಸದ್ದು ಇನ್ನೂ ಶುರುವಾಗಿರಲ್ಲ. ಒಳಗೆ ಸಾಲುಸಾಲು ಕುದುರೆ. ಮೊದಲು ಗೊರಸಿನ ಸದ್ದು, ಅದರ ಹಿಂದೆ ಉಸಿರು, ಆಮೇಲೆ ಕುದುರೆ ಕಾಣುತ್ತದೆ. ಟ್ರೇನರ್‌ಗಳು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಕೊನೆಯ 600 ಮೀಟರ್ ಎಷ್ಟು ಸೆಕೆಂಡಿಗೆ ಬಂತು ಅನ್ನೋದೇ ಎಲ್ಲರ ಮಾತು. 38, 39 ಅಂದರೆ ಚುರುಕು. 45 ಅಂದರೆ ಸುಮ್ನೆ ಕೈಕಾಲು ಆಡಿಸಿದ್ದು. ಈ ಲೆಕ್ಕ ಪತ್ರಿಕೆಯಲ್ಲೂ ಬರುತ್ತದೆ. ಚಿನ್ನಿಯ ಹೆಸರು ಮೊದಲ ಸಲ ಆ ಸಣ್ಣ ಅಕ್ಷರದ ಪಟ್ಟಿಯಲ್ಲಿ ಬಂದ ದಿನ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. "600/44, ಈಸಿ" ಅಂತಿತ್ತು. ಪೇಂಟ್ ಕೊಳ್ಳೋಕೆ ಬಂದವರೊಬ್ಬರು "ಏನ್ ಸಾರ್, ಸಿಮೆಂಟ್ ರೇಟಾ?" ಅಂದರು. ಟ್ರ್ಯಾಕ್ ಮುಗಿದ ಮೇಲೆ ಶಿವಾನಂದ ಸರ್ಕಲ್ ಕಡೆ ಹೋಗಿ ಇಡ್ಲಿ ವಡೆ ತಿಂದು ಅಂಗಡಿ ಬಾಗಿಲು ತೆಗೆಯೋದು. ಕುದುರೆ ಇಟ್ಟವರ ಐಷಾರಾಮ ನನ್ನ ಪಾಲಿಗೆ ಇಷ್ಟೇ.

ನವೆಂಬರ್‌ನಲ್ಲಿ ಚಳಿಗಾಲದ ಸೀಸನ್ ಶುರುವಾಗುತ್ತದೆ. ಎರಡು ವರ್ಷದ ಮರಿಗಳು ಆಗ ಮೊದಲ ರೇಸ್ ಓಡುತ್ತವೆ. ಚಿನ್ನಿಯೂ ಓಡಬೇಕಿತ್ತು. ಅಷ್ಟರಲ್ಲಿ ಮುಂಗಾಲಿನ ನಳಿಗೆ ಎಲುಬಿಗೆ ನೋವು ಬಂತು. ಎಳೆಯ ಕುದುರೆಗಳಲ್ಲಿ ಇದು ತುಂಬಾ ಸಾಮಾನ್ಯ. ಎಲುಬು ಇನ್ನೂ ಗಟ್ಟಿಯಾಗುತ್ತಾ ಇರುತ್ತದೆ, ವೇಗದ ಭಾರ ಬಿದ್ದಾಗ ಮುಂಭಾಗ ಉರಿಯುತ್ತದೆ. ಔಷಧಿಗಿಂತ ವಿಶ್ರಾಂತಿಯೇ ಮದ್ದು. ನಡೆಸೋದು, ತಣ್ಣೀರು, ಮತ್ತೆ ನಡೆಸೋದು. ಅದು ವಾಸಿಯಾಗುವ ಹೊತ್ತಿಗೆ ಕೆಮ್ಮು. ಚಳಿಗಾಲದ ಸೀಸನ್ ಹಾಗೇ ಹೋಯಿತು.

ನಾಲ್ವರಲ್ಲಿ ಮೊದಲ ಸಲ ಬಿಸಿ ಏರಿದ್ದು ಆಗಲೇ. "ಓಡದ ಕುದುರೆಗೆ ಎಷ್ಟು ತಿಂಗಳು ಅಂತ ಹಾಕೋಣ?" ಅಂತ ಒಬ್ಬ ಸ್ನೇಹಿತ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಹುಮಾನದ ಹಣವೂ ಮುಂಚಿನ ಹಾಗಿಲ್ಲ. ಅದು ಬರೋದು ಹೆಚ್ಚಾಗಿ ಟೋಟ್‌ನಲ್ಲಿ, ಅಂದರೆ ಕ್ಲಬ್ಬಿನ ಬೆಟ್ ಕೌಂಟರಿನಲ್ಲಿ, ಜನ ಕಟ್ಟುವ ಹಣದಿಂದ. ಕಟ್ಟಿದ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್‌ನಿಂದ 28% ಜಿಎಸ್‌ಟಿ, 2025ರ ಸೆಪ್ಟೆಂಬರ್‌ನಿಂದ 40%. ಕಟ್ಟುವವರು ಕಡಿಮೆಯಾದರೆ ಕುದುರೆಯ ಹುಲ್ಲಿನ ತನಕ ಅದರ ಬಿಸಿ ತಟ್ಟುತ್ತದೆ. ಅದರ ಮೇಲೆ, ರೇಸ್‌ಕೋರ್ಸನ್ನೇ ಊರಾಚೆ ಸಾಗಿಸುವ ಮಾತು ನಾನು ಚಿಕ್ಕವನಿದ್ದಾಗಿನಿಂದ ಕೇಳುತ್ತಾ ಇದ್ದೇನೆ. ಲೆಕ್ಕ ಹಾಕಿ ಕುದುರೆ ಇಡೋರು ಯಾರೂ ಇರಲ್ಲ ಬಿಡಿ. ಆ ಸ್ನೇಹಿತ ಪಾಲು ಮಾರುತ್ತೇನೆ ಅಂದ. ಮರುವಾರ ಕ್ಯಾರೆಟ್ ಚೀಲ ಹಿಡಿದು ಲಾಯಕ್ಕೆ ಅವನೇ ನಮಗಿಂತ ಮುಂಚೆ ಬಂದಿದ್ದ.

ಬೇಸಿಗೆಗೆ ಚಿನ್ನಿ ಮೈ ತುಂಬಿಕೊಂಡಳು. ಗೇಟ್ ಪಾಠ ಶುರುವಾಯಿತು. ಸ್ಟಾರ್ಟಿಂಗ್ ಗೇಟ್ ಅಂದರೆ ಇಕ್ಕಟ್ಟಾದ ಕಬ್ಬಿಣದ ಗೂಡು. ಒಳಗೆ ಹೋಗಬೇಕು, ಹಿಂದಿನ ಬಾಗಿಲು ಮುಚ್ಚಿದಾಗ ಸುಮ್ಮನೆ ನಿಲ್ಲಬೇಕು, ಮುಂದಿನದು ಫಟ್ ಅಂತ ತೆರೆದಾಗ ಹಾರಬೇಕು. ಮೈಯೆಲ್ಲ ಓಡಿಹೋಗು ಅಂತ ಹೇಳುವ ಪ್ರಾಣಿಗೆ ಸುಮ್ಮನೆ ನಿಲ್ಲೋದೇ ದೊಡ್ಡ ಪಾಠ. ಇದರಲ್ಲಿ ಪಾಸಾಗದ ಕುದುರೆಯನ್ನು ಓಡೋಕೆ ಬಿಡಲ್ಲ. ಆಮೇಲೆ ಮಾಕ್ ರೇಸ್, ಅಂದರೆ ಬಹುಮಾನ, ಬೆಟ್ ಏನೂ ಇಲ್ಲದ ತಾಲೀಮು. ಅದರಲ್ಲಿ ಚಿನ್ನಿ ಮಧ್ಯದಲ್ಲೆಲ್ಲೋ ಬಂದಳು. "ಪರವಾಗಿಲ್ಲ" ಅಂದರು ಟ್ರೇನರ್. ಅವರ ಬಾಯಲ್ಲಿ ಆ ಮಾತು ಸುಲಭಕ್ಕೆ ಬರೋದಲ್ಲ.

ಜೂನ್‌ನಲ್ಲಿ ಎಂಟ್ರಿ ಹಾಕಿದರು. 1200 ಮೀಟರ್, ಇನ್ನೂ ಗೆಲ್ಲದ ಮೂರು ವರ್ಷದ ಕುದುರೆಗಳಿಗೆ. ಗಂಡು ಕುದುರೆಗಳಿಗೆ 56 ಕೆ.ಜಿ., ಹೆಣ್ಣಿಗೆ 54.5. ಜಾಕಿ, ಜೀನು ಎಲ್ಲ ಸೇರಿದ ತೂಕ ಅದು. ಕಡಿಮೆ ಬಿದ್ದರೆ ಜೀನಿನ ಬಟ್ಟೆಯಲ್ಲಿ ಸೀಸದ ತುಂಡು ಇಡುತ್ತಾರೆ. ಗೇಟ್ ನಂಬರ್ ಚೀಟಿ ಎತ್ತಿದಾಗ ಹನ್ನೊಂದು ಕುದುರೆಗಳಲ್ಲಿ ನಮಗೆ ಬಂದಿದ್ದು ಹತ್ತನೆಯದು. ಹೊರಗಿನ ಗೇಟಿನಿಂದ ತಿರುವಿನಲ್ಲಿ ಜಾಸ್ತಿ ಓಡಬೇಕಾಗುತ್ತದೆ.

ರೇಸಿನ ದಿನ ಬೆಳಿಗ್ಗೆ ಚಿನ್ನಿಗೆ ತಿನ್ನೋಕೆ ಕಡಿಮೆ ಕೊಟ್ಟರು. ಕಬ್ಬಿಣದ ಲಾಳ ತೆಗೆದು ಹಗುರವಾದ ಅಲ್ಯೂಮಿನಿಯಂ ಲಾಳ ಕಟ್ಟಿದ್ದರು. ಕುದುರೆಗೆ ಏನೋ ಇದೆ ಅಂತ ಗೊತ್ತಾಗಿಬಿಡುತ್ತದೆ. ಚಾಚಾ ಹೊಸ ಶರ್ಟ್ ಹಾಕಿದ್ದರು. ನಾವು ನಾಲ್ಕೂ ಜನ ಸಂಸಾರ ಸಮೇತ ಹೋಗಿದ್ದೆವು. ಅಮ್ಮ ಬರಲ್ಲ ಅಂದವರು ಸೀರೆ ಉಟ್ಟು ರೆಡಿಯಾಗಿ ಕೂತಿದ್ದರು. ಮಾವ ಊರಿಂದ ಚೀಟಿಯಲ್ಲಿ ಕುಂಕುಮ ತಂದಿದ್ದರು. ಹಣೆಗೆ ಹಚ್ಚೋಕೆ ಬಿಡಲ್ಲ ಅಂತ ಹೇಳಿದ್ದಕ್ಕೆ ಚಾಚಾ ಕೈಗೆ ಕೊಟ್ಟರು. ಅವರು ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತಿಸಿ ತೋರಿಸೋ ಪ್ಯಾಡಾಕ್ ಒಳಗೆ ನಿಲ್ಲೋ ಹಕ್ಕು ಮಾಲೀಕರದ್ದು. ಅಲ್ಲಿ ನಿಂತು ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅನ್ನೋದೇ ತಿಳಿಯದೆ ರೇಸ್ ಬುಕ್ ಹಿಡಿದುಕೊಂಡೆ. ಕುದುರೆಗಳು ಸುತ್ತು ಹಾಕುತ್ತಿದ್ದವು. ಕೆಲವು ಆಗಲೇ ಬೆವತು ಕತ್ತಿನ ಹತ್ತಿರ ನೊರೆ. ಚಿನ್ನಿ ಶಾಂತವಾಗಿದ್ದಳು, ಕಿವಿ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ನಮ್ಮ ಬಣ್ಣದ ಜಾಕೆಟ್ ಹಾಕಿಕೊಂಡು ಜಾಕಿ ಬಂದರು, ನನ್ನ ಭುಜದಷ್ಟು ಎತ್ತರ. ಟೋಪಿ ಮುಟ್ಟಿ ನಮಸ್ಕಾರ ಹೇಳಿದರು. ಟ್ರೇನರ್ ಅವರಿಗೆ ಹೇಳಿದ್ದು ಇಷ್ಟೇ: "ಮೊದಲ ಸಲ. ಕಲಿಯಲಿ. ಚಾವಟಿ ಬೇಡ." ಗೆಲ್ಲಿಸು ಅಂತ ಒಂದು ಮಾತೂ ಇಲ್ಲ. ಪಕ್ಕದಲ್ಲಿ ನನ್ನ ಸ್ನೇಹಿತನ ಮುಖ ಇಳಿಯಿತು. ಅವನು ಆಗಲೇ ಟೋಟ್‌ನಲ್ಲಿ ವಿನ್ ಟಿಕೆಟ್ ತೆಗೆದುಕೊಂಡು ಬಂದಿದ್ದ. ಬೋರ್ಡಿನಲ್ಲಿ ಚಿನ್ನಿಯ ನಂಬರಿಗೆ ಒಂದಕ್ಕೆ ಇಪ್ಪತ್ತರ ಮೇಲೆ ಇತ್ತು. ಅಂದರೆ ಅವನನ್ನು ಬಿಟ್ಟು ಯಾರಿಗೂ ನಂಬಿಕೆ ಇರಲಿಲ್ಲ.

ಗೇಟ್ ದೂರದಲ್ಲಿತ್ತು. ನಾನು ದುರ್ಬೀನು ಹಿಡಿದಿದ್ದರೂ ಕೈ ನಡುಗಿ ಏನೂ ಕಾಣಲಿಲ್ಲ. ದೊಡ್ಡ ಪರದೆ ನೋಡಿದೆ. ಒಂದು ಕುದುರೆ ಒಳಗೆ ಹೋಗಲ್ಲ ಅಂತ ಹಠ ಮಾಡಿತು, ನಾಲ್ಕೈದು ಜನ ಹಿಂದಿನಿಂದ ಕೈ ಕೈ ಹಿಡಿದು ತಳ್ಳಿದರು. ಚಿನ್ನಿ ತಾನಾಗೇ ನಡೆದು ಹೋದಳು. ನನಗೆ ಅಷ್ಟಕ್ಕೇ ಗಂಟಲು ಕಟ್ಟಿತು.

ಬಾಗಿಲು ತೆರೆಯಿತು. ಹತ್ತು ಕುದುರೆ ಹಾರಿದವು. ಚಿನ್ನಿ ಒಂದು ಕ್ಷಣ ಯೋಚಿಸಿ ಹೊರಟಳು! ಎರಡು ಲೆಂತ್, ಅಂದರೆ ಎರಡು ಕುದುರೆ ಉದ್ದ, ಅಲ್ಲೇ ಹೋಯಿತು. ಕಾಮೆಂಟ್ರಿಯಲ್ಲಿ ಅವಳ ಹೆಸರು ಕೊನೆಯಲ್ಲಿ ಬಂತು, ಅದೂ ತಪ್ಪು ಉಚ್ಚಾರದಲ್ಲಿ. ತಿರುವಿನಲ್ಲಿ ಎಲ್ಲರಿಗಿಂತ ಹೊರಗೆ. ನೇರ ದಾರಿಗೆ ಬಂದಾಗ ಸ್ಟ್ಯಾಂಡಿನಿಂದ ಎದ್ದ ಕೂಗಿಗೆ ತಲೆ ಎತ್ತಿ ನಮ್ಮ ಕಡೆ ನೋಡಿದಳು. ಇದೇನು ಗಲಾಟೆ ಅನ್ನೋ ಹಾಗೆ. ಜಾಕಿ ಕೈಯಲ್ಲೇ ಸಮಾಧಾನ ಮಾಡಿದರು. ಕೊನೆಯ 200 ಮೀಟರ್‌ನಲ್ಲಿ ಅವಳಿಗೆ ಏನೋ ಅರ್ಥವಾಯಿತು. ತಲೆ ತಗ್ಗಿತು, ಹೆಜ್ಜೆ ಉದ್ದವಾಯಿತು. ಒಂದು ಕುದುರೆ ದಾಟಿದಳು, ಇನ್ನೊಂದು, ಮತ್ತೊಂದು. ಅಷ್ಟರಲ್ಲಿ ಗೆಲುವಿನ ಕಂಬ ಬಂದೇಬಿಟ್ಟಿತು. ಏಳನೆಯವಳು. ಮುಂದಿದ್ದ ಕುದುರೆ 1 ನಿಮಿಷ 14 ಸೆಕೆಂಡಿನ ಹತ್ತಿರ ಮುಗಿಸಿತ್ತು. ಅಮ್ಮ "ಮುಗೀತಾ? ಇಷ್ಟೇನಾ?" ಅಂತ ಕೇಳಿದರು.

ನಾನು ಬೇಜಾರು ಮಾಡಿಕೊಳ್ಳಬೇಕೋ ಖುಷಿಪಡಬೇಕೋ ತಿಳಿಯದೆ ಕೆಳಗೆ ಇಳಿದೆ. ಅಲ್ಲಿ ನೋಡಿದರೆ ಟ್ರೇನರ್ ಮುಖದಲ್ಲಿ ನಗು. ಅವರು ನೋಡಿದ ರೇಸೇ ಬೇರೆ. ಗೇಟಿನಲ್ಲಿ ಬೆದರಲಿಲ್ಲ. ಮುಂದಿನ ಕುದುರೆಗಳ ಗೊರಸಿನ ಮಣ್ಣು ಮುಖಕ್ಕೆ ಹೊಡೆದರೂ ಹಿಂದೆ ಸರಿಯಲಿಲ್ಲ. ಎಷ್ಟೋ ಮರಿಗಳು ಮೊದಲ ಸಲ ಆ ಮಣ್ಣಿಗೇ ಓಟ ಬಿಟ್ಟುಬಿಡುತ್ತವೆ. ಮುಗಿದ ಮೇಲೂ ಜಾಕಿ ನಿಲ್ಲಿಸೋ ತನಕ ಓಡುತ್ತಲೇ ಇದ್ದಳು. ಏಳನೇ ಸ್ಥಾನದ ವಿಷಯ ಅವರು ಎತ್ತಲೇ ಇಲ್ಲ. ಜಾಕಿ ಇಳಿದು ಜೀನು ಬಿಚ್ಚುತ್ತಾ, "ಇನ್ನೂ ಮಗು ಸಾರ್. ದೂರ ಜಾಸ್ತಿ ಕೊಡಿ," ಅಂದು ತೂಕಕ್ಕೆ ಹೋದರು.

ಚಾಚಾ ಮೊದಲು ನೋಡಿದ್ದು ಮೂಗಿನ ಹೊಳ್ಳೆ. ಜೋರಾಗಿ ಓಡಿದ ಕುದುರೆಗೆ ಶ್ವಾಸಕೋಶದಿಂದ ರಕ್ತ ಬರೋದುಂಟು. ಏನೂ ಇರಲಿಲ್ಲ. ಆಮೇಲೆ ನಾಲ್ಕೂ ಕಾಲು. ಆಮೇಲೆ ಬಕೆಟ್ ಗಟ್ಟಲೆ ನೀರು ಸುರಿದು, ಉಸಿರು ಇಳಿಯೋ ತನಕ ನಡೆಸಿದರು. ಅಮ್ಮ ಹತ್ತಿರ ಬಂದು ಚಿನ್ನಿಯ ಕತ್ತು ಸವರಿದರು. "ಬೆಂಕಿ ಥರ ಬಿಸಿ ಇದಾಳೆ, ಪಾಪ" ಅಂದರು. ಆಮೇಲೆ ನನಗೆ, "ದುಡ್ಡಿನ ವಿಷಯ ಇವಳ ಮುಂದೆ ಮಾತಾಡ್ಬೇಡಿ." ವಿನ್ ಟಿಕೆಟ್ ತೆಗೆದುಕೊಂಡಿದ್ದ ಸ್ನೇಹಿತ ಅದನ್ನು ಹರಿಯದೆ ಪರ್ಸಿಗೆ ಹಾಕಿದ.

ಆ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಪಂಡಿತರೇ. ಸ್ಟ್ಯಾಂಡ್ ಕಡೆ ನೋಡಿದಳಲ್ಲ, ಕಣ್ಣಿನ ಪಕ್ಕ ಮುಚ್ಚುವ ಬ್ಲಿಂಕರ್ಸ್ ಹಾಕಿಸೋಣ ಅಂತ ಒಬ್ಬ. ಮೈಸೂರಿಗೆ ಕಳಿಸೋಣ, ಅಲ್ಲಿ ಸುಲಭ ಅಂತ ಇನ್ನೊಬ್ಬ. ರೇಸಿನ ವಿಡಿಯೋವನ್ನು ಕೊನೆಯ 200 ಮೀಟರ್‌ಗೆ ಕತ್ತರಿಸಿ ನಾನೇ ಹಾಕಿದೆ. ಅದಷ್ಟೇ ನೋಡಿದರೆ ಚಿನ್ನಿ ಗೆದ್ದ ಹಾಗೇ ಕಾಣುತ್ತದೆ. ಮಾವ ಊರಲ್ಲಿ ಎಲ್ಲರಿಗೂ ತೋರಿಸುತ್ತಿರೋದು ಅದನ್ನೇ. ಟ್ರೇನರ್‌ಗೆ ನಮ್ಮ ಸಲಹೆಗಳನ್ನೆಲ್ಲ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

ಈ ವಾರ ಎಂಟ್ರಿ ಹಾಕಿದ್ದಾರೆ. 1400 ಮೀಟರ್, ಅದೇ 54.5 ಕೆ.ಜಿ. ಬ್ಲಿಂಕರ್ಸ್ ಇಲ್ಲ. ಕಳೆದ ತಿಂಗಳ ಬಿಲ್ಲೂ ಬಂದಿದೆ.